ಎತ್ತಿನಹೊಳೆ: 24 ಟಿಎಂಸಿ ಅಂದರೆ ಯಾವ ವರ್ಷದ ಲೆಕ್ಕ?

ರಾತ್ರಿ ಹತ್ತೂವರೆ. ತೋಟದ ಮೂಲೆಯಲ್ಲಿ ಬೋರ್‌ವೆಲ್ ಲಾರಿ ನಿಂತಿದೆ. ಕಂಪ್ರೆಸರ್ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. 1,200 ಅಡಿ ದಾಟಿದೆ, ಮೇಲೆ ಬರುತ್ತಿರುವುದು ಬರೀ ಬೂದಿ ಬಣ್ಣದ ಕಲ್ಲಿನ ಪುಡಿ. ರಾಡ್ ಜೋಡಿಸುವ ಹುಡುಗ "ಇನ್ನೂ ಬಿಡೋದಾ ಅಣ್ಣಾ?" ಅಂತ ಕೂಗಿ ಕೇಳುತ್ತಾನೆ. ತೋಟದವನು ಬಾಯಿ ಬಿಡದೆ ಕೈಸನ್ನೆ ಮಾಡುತ್ತಾನೆ, ಬಿಡು. ಒಂದೊಂದು ಅಡಿಗೂ ದುಡ್ಡು. ಎರಡು ಇಂಚು ನೀರು ಬಿದ್ದರೆ ಬಚಾವು, ಇಲ್ಲದಿದ್ದರೆ ಇನ್ನೊಂದು ಫೇಲ್ ಬೋರು.

ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಇದು ಕಥೆಯಲ್ಲ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಕಾಣುವ ದೃಶ್ಯ. ಎರಡೂ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಈ ಸೀಮೆಯಲ್ಲೇ ಹುಟ್ಟುತ್ತವೆ ನಿಜ, ಆದರೆ ಮಳೆ ಬಂದಾಗ ಮಾತ್ರ ಅವು ನದಿ. ಬಾವಿಗಳು ಬತ್ತಿ ದಶಕಗಳಾದವು. ಬೋರು 1,500 ಅಡಿಗೆ ಇಳಿದಿದೆ. ಅಷ್ಟು ಆಳದಿಂದ ಬರುವ ನೀರಲ್ಲಿ ಫ್ಲೋರೈಡ್ ಜಾಸ್ತಿ. ಹೀಗಾಗಿ ಊರೂರಲ್ಲೂ ಶುದ್ಧ ನೀರಿನ ಘಟಕದ ಮುಂದೆ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಸಾಲು.

ಅಲ್ಲಿಂದ ಪಶ್ಚಿಮಕ್ಕೆ ಹೋಗಿ, ಸಕಲೇಶಪುರ ದಾಟಿ ಜುಲೈನಲ್ಲಿ ನಿಂತು ನೋಡಿ. ಮಳೆ, ಮಂಜು, ಜಿಗಣೆ. ಹೊಳೆಯ ಸದ್ದು ಕಾಣುವುದಕ್ಕೆ ಮೊದಲೇ ಕೇಳುತ್ತದೆ. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ ಇವೆಲ್ಲ ಘಟ್ಟ ಇಳಿದು ಕುಮಾರಧಾರಾ ಸೇರಿ, ಅಲ್ಲಿಂದ ನೇತ್ರಾವತಿಯಾಗಿ ಮಂಗಳೂರಿನ ಬಳಿ ಸಮುದ್ರಕ್ಕೆ ಹೋಗುತ್ತವೆ. "ಸುಮ್ನೆ ಸಮುದ್ರಕ್ಕೆ ಹೋಗೋ ನೀರನ್ನ ಇತ್ತ ತಿರುಗಿಸಿದರೆ ಏನು ಕಷ್ಟ?" ಅಂತ ಯಾರಿಗಾದರೂ ಅನಿಸುತ್ತದೆ. ಅನಿಸದಿದ್ದರೇ ಆಶ್ಚರ್ಯ.

ಜಗಳ ಶುರುವಾಗುವುದೂ ಅಲ್ಲಿಂದಲೇ.

ಮೊದಲು ಯೋಜನೆ ಏನು ಅಂತ ನೋಡೋಣ. ಈ ಹಳ್ಳಗಳಿಗೆ ಎಂಟು ಕಡೆ ಒಡ್ಡು ಕಟ್ಟಿ, ಮಳೆಗಾಲದ ನೀರನ್ನು ಪಂಪ್ ಮಾಡಿ ಘಟ್ಟದ ಮೇಲಕ್ಕೆ ಎತ್ತುವುದು. ಅಲ್ಲಿಂದ ಸುಮಾರು 250 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ಹಾಸನ, ತುಮಕೂರು ಜಿಲ್ಲೆಗಳ ಮೂಲಕ ಹರಿಸುವುದು. ಕೊನೆಗೆ ಬೇರೆ ಬೇರೆ ಫೀಡರ್ ಪೈಪ್‌ಲೈನುಗಳಲ್ಲಿ ಮಧುಗಿರಿ, ಗೌರಿಬಿದನೂರು, ರಾಮನಗರ, ಕೋಲಾರದ ಕಡೆ ಹಂಚುವುದು. ಒಟ್ಟು 24.01 ಟಿಎಂಸಿ. ಅದರಲ್ಲಿ ಸುಮಾರು 14 ಟಿಎಂಸಿ ಏಳು ಜಿಲ್ಲೆ, 29 ತಾಲ್ಲೂಕುಗಳ 75.59 ಲಕ್ಷ ಜನರಿಗೆ ಕುಡಿಯಲು. ಉಳಿದ ಹತ್ತು ಟಿಎಂಸಿಯಲ್ಲಿ 527 ಕೆರೆಗಳನ್ನು ಅರ್ಧದಷ್ಟು ತುಂಬಿಸುವುದು.

2012ರಲ್ಲಿ ಇದರ ಅಂದಾಜು 8,323 ಕೋಟಿ ರೂಪಾಯಿ. 2014ರ ಮಾರ್ಚಿನಲ್ಲಿ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಶಂಕುಸ್ಥಾಪನೆ ಆದಾಗ 12,912 ಕೋಟಿ. 2023ರಲ್ಲಿ 23,251 ಕೋಟಿ. ಅಂದರೆ ಫಲಾನುಭವಿ ಒಬ್ಬರಿಗೆ ಸುಮಾರು 30,000 ರೂಪಾಯಿ, ನಲ್ಲಿಯ ಹತ್ತಿರ ಒಂದು ಬಿಂದಿಗೆ ಇಡುವ ಮೊದಲೇ.

ಈ ಯೋಜನೆಗೆ ಎರಡು ಹೆಸರಿದೆ. ಬಯಲುಸೀಮೆಯಲ್ಲಿ ಇದು "ಕುಡಿಯುವ ನೀರಿನ ಯೋಜನೆ". ದಕ್ಷಿಣ ಕನ್ನಡದಲ್ಲಿ ಇದೇ "ನೇತ್ರಾವತಿ ತಿರುವು". ಯಾರು ಯಾವ ಹೆಸರು ಬಳಸುತ್ತಾರೆ ಅನ್ನುವುದರ ಮೇಲೆ ಅವರ ಊರು ಗೊತ್ತಾಗಿಬಿಡುತ್ತದೆ. ಕಾಗದದ ಮೇಲೂ ಹೆಸರಿಗೆ ಬೆಲೆ ಇತ್ತು. 2006ರ ಪರಿಸರ ಅಧಿಸೂಚನೆಯಲ್ಲಿ ಕುಡಿಯುವ ನೀರಿನ ಯೋಜನೆಗೆ ಪರಿಸರ ಅನುಮತಿಯ ದೊಡ್ಡ ಪ್ರಕ್ರಿಯೆ ಬೇಕಿಲ್ಲ. ನೀರಾವರಿ ಯೋಜನೆ ಆಗಿದ್ದರೆ ಬೇಕು. ಹತ್ತು ಟಿಎಂಸಿ ಕೆರೆಗೆ ಹೋಗುವಾಗ ಇದು ಬರೀ ಕುಡಿಯುವ ನೀರು ಹೇಗಾಗುತ್ತದೆ ಅಂತ ವಿರೋಧಿಸಿದವರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರು. 2019ರ ಮೇ ತಿಂಗಳಲ್ಲಿ ನ್ಯಾಯಮಂಡಳಿ ಅವರ ಅರ್ಜಿಗಳನ್ನು ವಜಾ ಮಾಡಿತು. ನ್ಯಾಯಮಂಡಳಿಯ ಮಟ್ಟಿಗೆ ಕಾನೂನಿನ ಪ್ರಶ್ನೆ ಹಾಗೆ ಮುಗಿಯಿತು. ನೀರಿನ ಪ್ರಶ್ನೆ ಮುಗಿಯಲಿಲ್ಲ.

ಒಂದು ಪೆನ್ನು, ಒಂದು ಹಾಳೆ ತೆಗೆದುಕೊಳ್ಳಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರ್. 14 ಟಿಎಂಸಿಯನ್ನು 75.59 ಲಕ್ಷ ಜನಕ್ಕೆ ಹಂಚಿದರೆ ತಲೆಗೆ ದಿನಕ್ಕೆ 144 ಲೀಟರ್ ಬರುತ್ತದೆ. ಚೆನ್ನಾಗಿದೆ, ಪಟ್ಟಣದ ಮಟ್ಟದ ನೀರು. ಈಗ ಹೊಳೆಯ ಕಡೆ ಬನ್ನಿ. ಆ ಎಂಟು ಒಡ್ಡುಗಳಿಗೆ ನೀರು ಬಸಿಯುವ ಜಲಾನಯನ ಪ್ರದೇಶ ಸುಮಾರು 180 ಚದರ ಕಿಲೋಮೀಟರ್. ಇಷ್ಟು ಜಾಗದಿಂದ 24 ಟಿಎಂಸಿ ಬರಬೇಕಾದರೆ, ಆ ಇಡೀ ಜಾಗದ ಮೇಲೆ ಹೆಚ್ಚುಕಡಿಮೆ 3.8 ಮೀಟರ್ ಎತ್ತರದ ನೀರು ಹರಿದು ಬರಬೇಕು. ಬೀಳುವ ಮಳೆಯಲ್ಲ, ಹರಿದು ಒಡ್ಡಿಗೆ ಬರುವ ನೀರು. ಘಟ್ಟದ ಆ ಅಂಚಿನಲ್ಲಿ ವರ್ಷಕ್ಕೆ ಬೀಳುವ ಮಳೆಯೇ 3,000ದಿಂದ 5,000 ಮಿಲಿಮೀಟರ್, ಕೆಲವು ಜಾಗದಲ್ಲಿ ಕೆಲವು ವರ್ಷ ಇನ್ನೂ ಜಾಸ್ತಿ. ಅದರಲ್ಲಿ ಮರ ಕುಡಿಯುವುದು, ಮಣ್ಣು ಹೀರುವುದು, ಆವಿಯಾಗುವುದು ಎಲ್ಲ ಕಳೆಯಬೇಕು. ಹೊಳೆಯಲ್ಲೂ ಒಂದಿಷ್ಟು ಬಿಡಬೇಕು, ಮೀನು ಬದುಕಬೇಕು ಅಲ್ವಾ?

ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಇದೇ ಬಗೆಯ ಲೆಕ್ಕವನ್ನು ವಿವರವಾಗಿ ಮಾಡಿ, ಅಲ್ಲಿ ಸಿಗುವುದು 9.55 ಟಿಎಂಸಿ ಅಂತ ಹೇಳಿತು. ಇಪ್ಪತ್ನಾಲ್ಕು ಮತ್ತು ಒಂಬತ್ತೂವರೆ. ವ್ಯತ್ಯಾಸ ಶೇ 10, 20 ಅಲ್ಲ. ಒಬ್ಬರು ಹೇಳುವುದು ಇನ್ನೊಬ್ಬರದರ ಎರಡೂವರೆ ಪಟ್ಟು. 9.55 ಟಿಎಂಸಿಯನ್ನು ಒಂದು ಹನಿಯೂ ಬಿಡದೆ ಜನಕ್ಕೇ ಹಂಚಿದರೂ ತಲೆಗೆ 98 ಲೀಟರ್, ಆಗ ಕೆರೆಗೆ ಸೊನ್ನೆ.

ಸರ್ಕಾರದ ಎಂಜಿನಿಯರುಗಳು ತಮ್ಮ ಲೆಕ್ಕವೇ ಸರಿ ಅನ್ನುತ್ತಾರೆ. ಘಟ್ಟದ ತುದಿಯ ಮಳೆಯನ್ನು ತಪ್ಪಾಗಿ ಕಡಿಮೆ ಹಿಡಿಯಲಾಗಿದೆ ಅನ್ನುವುದು ಅವರ ವಾದ. ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಘಟ್ಟದ ಮಳೆ ಒಂದು ಕಿಲೋಮೀಟರಿಗೆ ಒಂದೊಂದು ಥರ ಬೀಳುತ್ತದೆ, ಮಳೆಮಾಪಕ ಎಲ್ಲಿಟ್ಟಿರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಆದರೆ ನನಗೆ ಸಣ್ಣ ಹಾಳೆಯ ಆ 3.8 ಮೀಟರ್ ಲೆಕ್ಕ ದಾಟಿ ಮುಂದೆ ಹೋಗಲು ಆಗುವುದಿಲ್ಲ. ಭರ್ಜರಿ ಮಳೆಯ ವರ್ಷ 24ರ ಹತ್ತಿರ ಹೋಗಬಹುದೇನೋ. ಪ್ರತಿ ವರ್ಷ ಅಂದರೆ ನಂಬುವುದು ಕಷ್ಟ.

ನನ್ನ ತಕರಾರು ಈ "ಪ್ರತಿ ವರ್ಷ"ದ ಮೇಲೇ.

ನೀರಿನ ಎಂಜಿನಿಯರಿಂಗ್‌ನಲ್ಲಿ ನಂಬಲರ್ಹತೆ ಅಂತ ಒಂದು ಲೆಕ್ಕ ಇದೆ. ನೀರಾವರಿ ಅಣೆಕಟ್ಟಿಗೆ ಶೇ 75 ಹಿಡಿಯುತ್ತಾರೆ. ಅಂದರೆ ನೂರು ವರ್ಷದಲ್ಲಿ 75 ವರ್ಷ ಅಷ್ಟು ನೀರು ಸಿಕ್ಕರೆ ಸಾಕು, ಉಳಿದ ವರ್ಷ ಒಂದು ಬೆಳೆ ಹೋಗುತ್ತದೆ. ಜಲವಿದ್ಯುತ್ತಿಗೆ ಶೇ 90. ಕುಡಿಯುವ ನೀರಿಗೆ ಹೆಚ್ಚುಕಡಿಮೆ ನೂರಕ್ಕೆ ನೂರು, ಯಾಕಂದರೆ ನೂರರಲ್ಲಿ ಐದು ವರ್ಷ ನೀರು ಕುಡಿಯಬೇಡಿ ಅಂತ ಯಾರಿಗೂ ಹೇಳುವಂತಿಲ್ಲ. 24.01 ಅನ್ನುವ ಅಂಕಿಯ ಪಕ್ಕದಲ್ಲಿ ಇದು ಎಷ್ಟು ವರ್ಷ ಸಿಗುವ ನೀರು ಅಂತ ಒಂದು ಸಾಲು ಇರಲೇಬೇಕು. ವೇದಿಕೆ ಹತ್ತಿದ ಕೂಡಲೇ ಆ ಸಾಲು ಬಿದ್ದುಹೋಗುತ್ತದೆ. ಉಳಿಯುವುದು ಅಂಕಿ ಮಾತ್ರ, ಅದೂ ಎರಡು ದಶಾಂಶದ ಜೊತೆ. ಎರಡು ದಶಾಂಶ ಇದ್ದರೆ ಅಳೆದು ಹೇಳಿದ ಹಾಗೆ ಕೇಳಿಸುತ್ತದೆ ನೋಡಿ.

ಇನ್ನೊಂದು ತೊಡಕು. ಬಯಲಿಗೆ ಬರ ಬಂದ ವರ್ಷ ಮಲೆನಾಡಿಗೆ ಹಬ್ಬ ಇರುತ್ತದೆ ಅಂತ ಏನಿಲ್ಲ. ಮುಂಗಾರು ಎರಡಕ್ಕೂ ಒಂದೇ. ಕೋಲಾರಕ್ಕೆ ಹಿಂಗಾರಿನ ಆಸರೆ ಸ್ವಲ್ಪ ಇದೆ, ಆದರೂ ದೊಡ್ಡ ಬರ ಬಂದಾಗ ರಾಜ್ಯಕ್ಕೆಲ್ಲ ಒಟ್ಟಿಗೇ ಬರುತ್ತದೆ. 2023ನ್ನು ನೆನಪಿಸಿಕೊಳ್ಳಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಮಲೆನಾಡಿನಲ್ಲೂ ಮಳೆ ಕೈಕೊಟ್ಟಿತ್ತು. ಕೋಲಾರಕ್ಕೆ ನೀರು ಅತಿ ಜಾಸ್ತಿ ಬೇಕಾದ ವರ್ಷವೇ ಹೊಳೆ ಸೊರಗಿರುತ್ತದೆ. ಎತ್ತಿನಹೊಳೆಗೆ ಮಳೆಗಾಲದ ನೀರು ಬಿಟ್ಟರೆ ಬೇರೆ ಗತಿ ಇಲ್ಲ.

ಹಾಗಾದರೆ ತುಂಬಿದ ವರ್ಷ ಹಿಡಿದಿಟ್ಟುಕೊಳ್ಳಬಹುದಲ್ಲ? ಅದಕ್ಕೆ ಜಾಗ ಬೇಕು. ನೀರು ಬರುವುದು ಮಳೆಗಾಲದ ನಾಲ್ಕೂವರೆ ತಿಂಗಳು. ಜನ ಕುಡಿಯುವುದು ಹನ್ನೆರಡು ತಿಂಗಳು. ಉಳಿದ ಏಳೂವರೆ ತಿಂಗಳಿಗೇ ಸುಮಾರು 8.8 ಟಿಎಂಸಿ ಎಲ್ಲಾದರೂ ಕೂಡಿಟ್ಟಿರಬೇಕು. ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲು ಬಳಿ 5.78 ಟಿಎಂಸಿಯ ಜಲಾಶಯ ಅಂತ ಮೊದಲು ಯೋಜನೆ ಇತ್ತು. ಒಂದೇ ಜಲಾಶಯಕ್ಕೆ ಕೊರಟಗೆರೆ, ದೊಡ್ಡಬಳ್ಳಾಪುರ ಎರಡೂ ತಾಲ್ಲೂಕಿನ ಜಮೀನು ಮುಳುಗಬೇಕಿತ್ತು. ಬೆಂಗಳೂರಿಗೆ ಹತ್ತಿರದ ದೊಡ್ಡಬಳ್ಳಾಪುರದ ಜಮೀನಿಗೂ ಕೊರಟಗೆರೆಯ ಜಮೀನಿಗೂ ಪರಿಹಾರದ ದರ ಒಂದೇ ಅಲ್ಲ. ಬದುವಿನ ಈಚೆ ಒಂದು ರೇಟು, ಆಚೆ ಇನ್ನೊಂದು ರೇಟು ಅಂದರೆ ಯಾರು ತಾನೇ ಸಹಿ ಹಾಕುತ್ತಾರೆ? ವರ್ಷಗಟ್ಟಲೆ ಹಗ್ಗಜಗ್ಗಾಟ ನಡೆದು, ಕೊನೆಗೆ ಜಲಾಶಯದ ಗಾತ್ರವನ್ನೇ 2 ಟಿಎಂಸಿಗೆ ಇಳಿಸುವ ತೀರ್ಮಾನಕ್ಕೆ ಬಂದರು. ಉಳಿದದ್ದನ್ನು ಕೆರೆಗಳು ಹಿಡಿಯಬೇಕು. ಬಯಲುಸೀಮೆಯ ಕೆರೆ ಅಗಲ ಜಾಸ್ತಿ, ಆಳ ಕಡಿಮೆ. ವರ್ಷಕ್ಕೆ ಒಂದೂವರೆ ಮೀಟರ್‌ಗಿಂತ ಜಾಸ್ತಿ ನೀರನ್ನು ಬಿಸಿಲೇ ಕುಡಿದುಬಿಡುತ್ತದೆ. ಕೆಳಗೆ ಇಂಗುವುದನ್ನು ನಷ್ಟ ಅನ್ನಲಾರೆ, ಅದು ಬಾವಿಗೆ ಲಾಭ. ಆದರೆ ಅದನ್ನು ಮೇಲೆತ್ತುವುದು ಕುಡಿಯುವ ನೀರಿನ ನಲ್ಲಿಯೋ ಟೊಮೆಟೊ ತೋಟದ ಪಂಪೋ ಅಂತ ಯಾರು ನೋಡುತ್ತಾರೆ?

ಕರೆಂಟಿನ ಮಾತು ಬೇಗ ಮುಗಿಸುತ್ತೇನೆ. ಸಾವಿರ ಲೀಟರ್ ನೀರನ್ನು 100 ಮೀಟರ್ ಮೇಲೆತ್ತಲು, ಪಂಪಿನ ನಷ್ಟ ಸೇರಿ, ಮೂರನೇ ಒಂದು ಯೂನಿಟ್ ಬೇಕು. 24 ಟಿಎಂಸಿಗೆ ಒಂದೊಂದು 100 ಮೀಟರಿಗೂ ವರ್ಷಕ್ಕೆ 22 ಕೋಟಿ ಯೂನಿಟ್‌ಗಿಂತ ಜಾಸ್ತಿ. ಘಟ್ಟ ಹತ್ತಿಸಲು ಒಂದೇ ನೂರು ಮೀಟರ್ ಸಾಲುವುದಿಲ್ಲ, ಬೈರಗೊಂಡ್ಲಿನಿಂದ ಮುಂದೆ ಮತ್ತೆ ಎತ್ತಬೇಕು. ಕಟ್ಟುವ ಖರ್ಚು ಒಂದು ಸಲ, ಈ ಬಿಲ್ಲು ಪ್ರತಿ ವರ್ಷ.

ಕರಾವಳಿಯವರ ಭಯಕ್ಕೆ ಬರುತ್ತೇನೆ. ನೇತ್ರಾವತಿ ಬತ್ತುತ್ತದೆ ಅನ್ನುವ ಮಾತು ಪ್ರತಿಭಟನೆಗಳಲ್ಲಿ ತುಂಬಾ ಕೇಳಿದೆ. ನೇರವಾಗಿ ಹಾಗೆ ಆಗುತ್ತದೆ ಅಂತ ನನಗನಿಸುವುದಿಲ್ಲ. ನೇತ್ರಾವತಿಯ ಒಟ್ಟು ಜಲಾನಯನದಲ್ಲಿ ಈ 180 ಚದರ ಕಿಲೋಮೀಟರ್ ಒಂದು ಚೂರು, ಅದೂ ಎತ್ತುವುದು ಮಳೆಗಾಲದಲ್ಲಿ. ಮಂಗಳೂರಿಗೆ ನೀರಿನ ತತ್ವಾರ ಬರುವುದು ಏಪ್ರಿಲ್, ಮೇನಲ್ಲಿ. 2016, 2019, 2023ರಲ್ಲಿ ತುಂಬೆ ಅಣೆಕಟ್ಟೆಯ ಮಟ್ಟ ಇಳಿದು ನಗರಕ್ಕೆ ರೇಷನ್ ಮಾಡಬೇಕಾಯಿತು, ಆಗಿನ್ನೂ ಎತ್ತಿನಹೊಳೆಯಿಂದ ಒಂದು ತಂಬಿಗೆಯೂ ಬಯಲಿಗೆ ಹೋಗಿರಲಿಲ್ಲ. ಆದರೆ ಅವರ ಭಯದ ಕೆಳಗೆ ಒಂದು ಗಟ್ಟಿ ಮಾತಿದೆ. ಬೇಸಿಗೆಯಲ್ಲಿ ಹೊಳೆ ಹರಿಯುವುದು ಕಾಡು ಮಳೆಗಾಲದಲ್ಲಿ ಹಿಡಿದಿಟ್ಟ ನೀರಿನಿಂದ. ಆ ಕಾಡಿನಲ್ಲೇ ರಸ್ತೆ ಕೊರೆದು, ಗುಡ್ಡ ಅಗೆದು, ದೊಡ್ಡ ಪೈಪು ಹೂತಿದ್ದಾರೆ. ಆನೆ ತಿರುಗುವ, ಮಳೆಗಾಲದಲ್ಲಿ ಶಿರಾಡಿ ಘಾಟಿಯ ರಸ್ತೆಯೇ ಕುಸಿದು ಬಂದ್ ಆಗುವ ಜಾಗ ಅದು. "ನೀರು ಕೊಡಲ್ಲ" ಅನ್ನುವ ಘೋಷಣೆಯ ಬದಲು "ಕಾಡು ಮುಟ್ಟಬೇಡಿ" ಅಂದಿದ್ದರೆ ಕೋಲಾರದಲ್ಲೂ ಕೇಳುವವರಿರುತ್ತಿದ್ದರು. ಬಾಯಾರಿದವರಿಗೆ "ನಿಮಗೆ ಕೊಡಲ್ಲ" ಅಂತ ಕೇಳಿಸಿದ ಮೇಲೆ ಮುಂದಿನ ಮಾತು ಯಾವುದೂ ಕಿವಿಗೆ ಹೋಗುವುದಿಲ್ಲ.

ಹೊರಗಿನ ಒಂದು ಉದಾಹರಣೆ ಇಲ್ಲಿ ನೆನಪಾಗುತ್ತದೆ. ಅಮೆರಿಕದ ನೆವಾಡ ಮರುಭೂಮಿಯ ಲಾಸ್ ವೇಗಸ್ ಊರು 1989ರಲ್ಲಿ ಉತ್ತರದ ಕಣಿವೆಗಳ ಅಂತರ್ಜಲ ಎಳೆದು ತರುವ ಪೈಪ್‌ಲೈನಿಗೆ ಅರ್ಜಿ ಹಾಕಿತು. ಉದ್ದ ಸುಮಾರು 480 ಕಿಲೋಮೀಟರ್. ಅಲ್ಲಿನ ದನ ಸಾಕುವವರು, ಮೂಲನಿವಾಸಿಗಳು ಮೂವತ್ತು ವರ್ಷ ಹೋರಾಡಿದರು. 2020ರಲ್ಲಿ ನೀರಿನ ಮಂಡಳಿಯೇ ಯೋಜನೆ ಕೈಬಿಟ್ಟಿತು. ಅಷ್ಟರಲ್ಲಿ ಮನೆ ಮುಂದಿನ ಹುಲ್ಲುಹಾಸು ಕಿತ್ತವರಿಗೆ ದುಡ್ಡು ಕೊಟ್ಟು, ಬಚ್ಚಲ ನೀರನ್ನು ಶುದ್ಧ ಮಾಡಿ ವಾಪಸ್ ಜಲಾಶಯಕ್ಕೆ ಬಿಟ್ಟು, ಜನ ಲಕ್ಷಗಟ್ಟಲೆ ಹೆಚ್ಚಿದರೂ ಕೊಲರಾಡೊ ನದಿಯಿಂದ ಬಳಸುವ ನೀರನ್ನು 2002ರ ಮಟ್ಟಕ್ಕಿಂತ ಕೆಳಗಿಳಿಸಿದ್ದರು. ಕೋಲಾರಕ್ಕೆ ಇದನ್ನು ಹಾಗೇ ಅಂಟಿಸಲು ಬರುವುದಿಲ್ಲ. ಇಲ್ಲಿ ಕೀಳಲು ಹುಲ್ಲುಹಾಸಿಲ್ಲ, ಎರಡು ಬಕೆಟ್‌ನಲ್ಲಿ ಸ್ನಾನ ಮುಗಿಸುವವರಿಗೆ ಉಳಿತಾಯದ ಪಾಠ ಹೇಳಲು ನಾಚಿಕೆಯಾಗುತ್ತದೆ.

ಆದರೆ ಬಚ್ಚಲ ನೀರಿನ ಪಾಠ ಇಲ್ಲಿಗೆ ಆಗಲೇ ಬಂದಿದೆ. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರು ಶುದ್ಧವಾಗಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಕೆ.ಸಿ. ವ್ಯಾಲಿ ಅಂತ ಎಲ್ಲರಿಗೂ ಗೊತ್ತು. ದಿನಕ್ಕೆ 44 ಕೋಟಿ ಲೀಟರ್ ಅನ್ನುವುದು ಗುರಿ, ಪೂರ್ತಿ ಬಂದರೆ ವರ್ಷಕ್ಕೆ ಐದೂವರೆ ಟಿಎಂಸಿಗಿಂತ ಜಾಸ್ತಿ. ಮಳೆ ಬರಲಿ ಬಿಡಲಿ, ಬೆಂಗಳೂರಿನವರು ಸ್ನಾನ ಮಾಡುವವರೆಗೂ ಈ ನೀರು ನಿಲ್ಲುವುದಿಲ್ಲ! ಖರ್ಚು ಎತ್ತಿನಹೊಳೆಯ ಹತ್ತನೇ ಒಂದು ಭಾಗವೂ ಇಲ್ಲ. ಮೊದಲ ತಿಂಗಳುಗಳಲ್ಲೇ ಕೆರೆಯಲ್ಲಿ ನೊರೆ ಎದ್ದಿತು, ವಿಷಯ ಕೋರ್ಟಿಗೆ ಹೋಯಿತು, ಮೂರನೇ ಹಂತದ ಶುದ್ಧೀಕರಣ ಮಾಡಿ ಅನ್ನುವ ಬೇಡಿಕೆ ಇವತ್ತಿಗೂ ಇದೆ. ಆ ಬೇಡಿಕೆ ನ್ಯಾಯವಾದದ್ದು. ಈ ನೀರು ಕುಡಿಯಲು ಅಲ್ಲ, ಅಂತರ್ಜಲಕ್ಕೆ. ಆದರೂ ದಶಕಗಳಿಂದ ಜಾಲಿ ಬೆಳೆದಿದ್ದ ಕೆರೆಯಲ್ಲಿ ನೀರು ನಿಂತದ್ದನ್ನು ನೋಡಿದವರ ಮುಂದೆ ಸುಮ್ನೆ ಮೂಗು ಮುಚ್ಚಿಕೊಂಡು ಮಾತಾಡಲು ಆಗುವುದಿಲ್ಲ.

ಕೆರೆಯ ಮಾತು ಬಂದಾಗ ನೀರುಗಂಟಿಯ ಮಾತು ಬರಲೇಬೇಕು. ಕೋಲಾರ ಸೀಮೆಯ ಹಳ್ಳಿಗಳಲ್ಲಿ ಕೆರೆಯ ತೂಬು ತೆಗೆದು ಮುಚ್ಚುವ ಕೆಲಸ ನೀರುಗಂಟಿಯದು. ಹೆಚ್ಚಾಗಿ ದಲಿತ ಕುಟುಂಬದವನು, ಸುಗ್ಗಿಯಲ್ಲಿ ಕಣದಲ್ಲಿ ಕೊಡುವ ಧಾನ್ಯವೇ ಅವನ ಸಂಬಳ. ತನ್ನದೇ ಜಮೀನು ಇಲ್ಲದವನ ಕೈಯಲ್ಲಿ ಜಮೀನ್ದಾರನ ಗದ್ದೆಯ ನೀರೂ ಇತ್ತು ಅನ್ನುವುದು ಆ ವ್ಯವಸ್ಥೆಯ ವಿಚಿತ್ರ, ಅದರ ಅನ್ಯಾಯವೂ ಹೌದು. ನಮಗಿಲ್ಲಿ ಬೇಕಾದದ್ದು ಅವನ ಬರಗಾಲದ ನಿಯಮ. ಕೆರೆ ಅರ್ಧ ತುಂಬಿದ ವರ್ಷ ಊರವರು ಸೇರಿ ಈ ಸಲ ಇಷ್ಟೇ ಅಚ್ಚುಕಟ್ಟಿಗೆ ನೀರು ಅಂತ ತೀರ್ಮಾನ ಮಾಡುತ್ತಿದ್ದರು. ತೂಬಿನ ಪಕ್ಕದವನಿಗೂ ಕೊನೆಯ ಗದ್ದೆಯವನಿಗೂ ಅದೇ ಪ್ರಮಾಣದಲ್ಲಿ ಕಡಿತ. ಆಮೇಲೆ ಯಾರ ಗದ್ದೆಗೆ ಎಷ್ಟು ಹೊತ್ತು ಅನ್ನುವುದು ನೀರುಗಂಟಿಯ ಮಾತು. ತುಂಬಿದ ವರ್ಷ ನೀರುಗಂಟಿ ಯಾರಿಗೂ ನೆನಪಾಗುವುದಿಲ್ಲ. ಅವನು ಇದ್ದದ್ದೇ ಕಡಿಮೆ ಬಿದ್ದ ವರ್ಷಕ್ಕೆ.

250 ಕಿಲೋಮೀಟರ್ ಕಾಲುವೆಗೆ ನೀರುಗಂಟಿ ಯಾರು? ಹತ್ತು ವರ್ಷದ ಜಗಳದಲ್ಲಿ ನೀರು ತರಬೇಕಾ ಬೇಡವಾ ಅನ್ನುವುದು ಸಾವಿರ ಸಲ ಕೇಳಿದೆ. ಕಡಿಮೆ ಬಂದ ವರ್ಷ ಯಾರಿಗೆ ಎಷ್ಟು ಕಡಿತ ಅನ್ನುವ ಪ್ರಶ್ನೆ ಮುಂದಕ್ಕೆ ಬಂದದ್ದೇ ಅಪರೂಪ. 24 ಸಿಗುತ್ತದೆ ಅನ್ನುವವರಿಗೆ ಆ ಪ್ರಶ್ನೆ ಬೇಕಿಲ್ಲ. ಯೋಜನೆಯೇ ಬೇಡ ಅನ್ನುವವರಿಗೂ ಬೇಕಿಲ್ಲ. ಬೇಕಾಗಿರುವುದು ಕಾಲುವೆಯ ಕೊನೆಯವರಿಗೆ, ಅಂದರೆ ಈ ಯೋಜನೆಗಾಗಿ ಬೀದಿಗಿಳಿದ, ಬೆಂಗಳೂರಿಗೆ ಟ್ರ್ಯಾಕ್ಟರ್ ಓಡಿಸಿಕೊಂಡು ಬಂದ ಕೋಲಾರ, ಚಿಕ್ಕಬಳ್ಳಾಪುರದವರಿಗೇ. ಯಾವ ನಾಲೆಯ ಟೇಲ್ ಎಂಡ್ ರೈತನನ್ನು ಕೇಳಿದರೂ ಹೇಳುತ್ತಾನೆ, ಮೇಲಿನವರು ಕುಡಿದು ಬಿಟ್ಟಿದ್ದು ನಮಗೆ ಅಂತ.

ಮೊದಲ ನೀರು ಹೋದ ದಾರಿಯನ್ನೇ ನೋಡಿ. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಸಕಲೇಶಪುರ ತಾಲ್ಲೂಕಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಮೊದಲ ಹಂತಕ್ಕೆ ಚಾಲನೆ ಕೊಟ್ಟರು. ಮುಂದಿನ ಕಾಲುವೆ ಇನ್ನೂ ಮುಗಿದಿರಲಿಲ್ಲ. ಹಾಗಾಗಿ ಸುಮಾರು 32 ಕಿಲೋಮೀಟರ್ ಹತ್ತಿರವೇ ನೀರನ್ನು ಹೊರಬಿಟ್ಟು, ಹಳೇಬೀಡಿನ ಕಡೆಯಿಂದ ವೇದಾವತಿ ಕಣಿವೆಗೆ, ಅಲ್ಲಿಂದ ವಾಣಿವಿಲಾಸ ಸಾಗರಕ್ಕೆ ಹರಿಸಿದರು. ಹರಿಸಿದ್ದು ತಪ್ಪಲ್ಲ, ಎತ್ತಿದ ನೀರನ್ನು ಎಲ್ಲಾದರೂ ಬಿಡಲೇಬೇಕು. ವಾಣಿವಿಲಾಸ ಇರುವುದು ಚಿತ್ರದುರ್ಗ ಜಿಲ್ಲೆಯಲ್ಲಿ, ಮೂಲ ಪಟ್ಟಿಯ ಏಳು ಜಿಲ್ಲೆಗಳಲ್ಲಿ ಅದರ ಹೆಸರಿಲ್ಲ. ತಾತ್ಕಾಲಿಕ ಅಂತಲೇ ಹೇಳಿದ್ದಾರೆ. ಆದರೆ ಎರಡು ಮಳೆಗಾಲ ಒಂದು ಕೆರೆ ತುಂಬಿತು ಅಂದರೆ ಅದರ ಕೆಳಗೆ ತೋಟ ಏಳುತ್ತದೆ. ತೋಟ ಎದ್ದ ಮೇಲೆ ತಾತ್ಕಾಲಿಕ ಅಂತ ಯಾರು ಹೋಗಿ ಹೇಳುತ್ತಾರೆ?

ಕೆಲಸ ಪೂರ್ತಿ ಮುಗಿಸಲು ಸರ್ಕಾರ ಇಟ್ಟುಕೊಂಡ ಗಡುವು 2027ರ ಮಾರ್ಚ್. ಒಂಬತ್ತು ಟಿಎಂಸಿಯೇ ಬಂದ ವರ್ಷ ಮೊದಲು ಊರಿನ ನಲ್ಲಿಗೋ ಕೆರೆಗೋ, ಯಾವ ಫೀಡರ್‌ನಲ್ಲಿ ಶೇ ಎಷ್ಟು ಕಡಿತ, ಗೇಟಿನ ಬೀಗ ಯಾರ ಕೈಯಲ್ಲಿ, ಆ ದಿನದ ಹರಿವಿನ ಅಂಕಿಯನ್ನು ಯಾರು ಬೇಕಾದರೂ ನೋಡಬಹುದಾ, ಇವನ್ನೆಲ್ಲ ಬರೆದರೆ ಎರಡು ಪುಟ ಆಗಬಹುದು. ಮೇಲಿನ ತಾಲ್ಲೂಕುಗಳಿಗೆ ನೀರಿನ ರೂಢಿಯಾಗುವ ಮೊದಲೇ ಬರೆಸಿಕೊಳ್ಳಬೇಕು. ಕೋಲಾರದ ಫೀಡರ್‌ಗೆ ನೀರು ಬಂದ ಮೇಲೆ ಕೇಳಿದರೆ, ಆಗ ಬೀಗದ ಕೈ ಬೇರೆ ಯಾರದೋ ಜೇಬಿನಲ್ಲಿರುತ್ತದೆ.